ಕಾಯಬಲ್ಲ ಮೂಳೆ, ಕಾಯಲಾರದ ಉಸಿರು: ಮುಖದ ನಡುಭಾಗದ ಮುರಿತಗಳು ಮತ್ತು ಉತ್ತರ ಕನ್ನಡದ ಕರಾವಳಿ

ಹುಬ್ಬಿನ ಸಾಲಿನಿಂದ ಮೇಲಿನ ಹಲ್ಲಿನ ಸಾಲಿನವರೆಗೆ ಹರಡಿರುವ ಭಾಗವನ್ನು ವೈದ್ಯಶಾಸ್ತ್ರವು ಮುಖದ ನಡುಭಾಗವೆಂದು ಕರೆಯುತ್ತದೆ. ನೋಟ, ಉಸಿರು, ವಾಸನೆ, ಅಗಿಯುವಿಕೆ, ಮಾತು ಇವೆಲ್ಲಕ್ಕೂ ಆಸರೆಯಾದ ಅಂಗಗಳು ಈ ಕಿರಿದಾದ ಜಾಗದಲ್ಲಿ ಒತ್ತೊತ್ತಾಗಿ ಸೇರಿಕೊಂಡಿರುವುದರಿಂದ, ಇಲ್ಲಿಯ ಮೂಳೆ ಮುರಿದಾಗ ಹಾನಿಯು ಮೂಳೆಯಲ್ಲಿಯೇ ನಿಲ್ಲುವುದು ಅಪರೂಪ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಂತೆ ದೊಡ್ಡ ಶಸ್ತ್ರಚಿಕಿತ್ಸಾ ಕೇಂದ್ರಗಳಿಂದ ದೂರವಿರುವ ಪ್ರದೇಶದಲ್ಲಿ ಇಂತಹ ಗಾಯಗಳ ನಿರ್ವಹಣೆ ಇನ್ನಷ್ಟು ಕಠಿಣವಾಗುತ್ತದೆ. ಆದರೂ ಈ ಮುರಿತಗಳ ಸ್ವಭಾವದಲ್ಲಿಯೇ ಒಂದು ಅನುಕೂಲ ಅಡಗಿದೆ. ಮೂಳೆಗಳನ್ನು ಸ್ವಸ್ಥಾನಕ್ಕೆ ತರುವ ಕೆಲಸಕ್ಕೆ ಸಾಮಾನ್ಯವಾಗಿ ಒಂದೆರಡು ವಾರಗಳ ಅವಕಾಶವಿರುತ್ತದೆ. ಅವುಗಳೊಡನೆ ಬರುವ ಕೆಲವು ತೊಂದರೆಗಳಿಗೆ ಮಾತ್ರ ನಿಮಿಷಗಳ ಅಥವಾ ಗಂಟೆಗಳ ಗಡುವು ಇರುತ್ತದೆ. ಕಾಯಬಲ್ಲದ್ದನ್ನೂ ಕಾಯಲಾರದ್ದನ್ನೂ ಬೇರ್ಪಡಿಸುವ ತಪಾಸಣೆಯು ತಾಲ್ಲೂಕು ಮಟ್ಟದಲ್ಲಿಯೇ ಕ್ರಮಬದ್ಧವಾಗಿ ನಡೆದರೆ, ದೂರದಿಂದಾಗುವ ಕೇಡನ್ನು ಬಹುಮಟ್ಟಿಗೆ ತಗ್ಗಿಸಬಹುದೆಂಬುದು ಈ ಸಮೀಕ್ಷೆಯ ನಿಲುವು.

ರಚನೆ

ಮುಖದ ನಡುಭಾಗವು ಎರಡು ಮೇಲ್ದವಡೆ ಮೂಳೆಗಳು, ಎರಡು ಕೆನ್ನೆ ಮೂಳೆಗಳು, ಮೂಗಿನ ಸೇತುವೆಯ ಎರಡು ಪುಟ್ಟ ಮೂಳೆಗಳು, ಕಣ್ಗೂಡಿನ ಒಳಮೂಲೆಯ ಕಣ್ಣೀರು ಮೂಳೆಗಳು, ಅಂಗುಳದ ಹಿಂಬದಿಯ ಮೂಳೆಗಳು ಮತ್ತು ಮೂಗಿನೊಳಗಿನ ತೆಳುಹಾಳೆಗಳಿಂದ ಕೂಡಿದೆ. ಗಾಳಿ ತುಂಬಿದ ಕುಹರಗಳು ನಡುನಡುವೆ ಇರುವುದರಿಂದ ಇದರ ಬಹುಪಾಲು ಟೊಳ್ಳು; ಕಣ್ಗೂಡಿನ ನೆಲ ಮತ್ತು ಒಳಗೋಡೆಗಳು ಹೆಚ್ಚಿನ ಕಡೆ ಒಂದು ಮಿಲಿಮೀಟರಿನಷ್ಟೂ ದಪ್ಪವಿರುವುದಿಲ್ಲ. ಹೀಗಿದ್ದೂ ಅಗಿಯುವಾಗ ಹಲ್ಲುಗಳ ಮೇಲೆ ಬೀಳುವ ಭಾರವನ್ನು ಈ ಭಾಗ ದಿನವೂ ಹೊರುತ್ತದೆ. ಇದಕ್ಕೆ ಕಾರಣವಾದ ಗಟ್ಟಿ ಪಟ್ಟಿಗಳು ಹಳೆಯ ತೊಟ್ಟಿಮನೆಯ ಕಂಬ ಮತ್ತು ತೊಲೆಗಳ ಹಾಗೆ ಹೆಣೆದುಕೊಂಡಿವೆ. ಮೂಗಿನ ಪಕ್ಕದಲ್ಲಿ ಒಂದು, ಕೆನ್ನೆಯಲ್ಲಿ ಒಂದು, ಹಿಂದೆ ದವಡೆಯ ಕೊನೆಯಲ್ಲಿ ಒಂದು, ಹೀಗೆ ಪ್ರತಿ ಬದಿಯಲ್ಲಿ ಮೂರು ಕಂಬಗಳು ಹಲ್ಲಿನ ಭಾರವನ್ನು ತಲೆಬುರುಡೆಯ ತಳಕ್ಕೆ ಸಾಗಿಸುತ್ತವೆ. ಹುಬ್ಬಿನ ಏಣು, ಕಣ್ಗೂಡಿನ ಕೆಳಅಂಚು ಮತ್ತು ಅಂಗುಳ ಅಡ್ಡ ತೊಲೆಗಳಾಗಿ ಅವನ್ನು ಬಿಗಿಯುತ್ತವೆ. ಈ ಕಂಬ ತೊಲೆಗಳನ್ನು ಮೊದಲಿನ ಎತ್ತರಕ್ಕೂ ಅಗಲಕ್ಕೂ ಮರಳಿ ನಿಲ್ಲಿಸುವುದೇ ಇಂದಿನ ಶಸ್ತ್ರಚಿಕಿತ್ಸೆಯ ಸಾರ.

ಇನ್ನೊಂದು ಅಂಶವೂ ಮುಖ್ಯವಾದುದು. ತಲೆಬುರುಡೆಯ ತಳವು ಹಲ್ಲುಗಳು ಕೂಡುವ ಸಮತಲಕ್ಕೆ ಸುಮಾರು 45 ಡಿಗ್ರಿ ಇಳಿಜಾರಾಗಿದೆ. ಆದ್ದರಿಂದ ಬಲವಾದ ಹೊಡೆತಕ್ಕೆ ಕಳಚಿಕೊಂಡ ನಡುಭಾಗವು ಈ ಇಳಿಜಾರಿನಲ್ಲಿ ಹಿಂದಕ್ಕೂ ಕೆಳಕ್ಕೂ ಜಾರುತ್ತದೆ. ಆಗ ಮುಖ ಚಪ್ಪಟೆಯಾಗಿ ಉದ್ದವಾದಂತೆ ತೋರುತ್ತದೆ, ಹಿಂದವಡೆಯ ಹಲ್ಲುಗಳು ಮೊದಲೇ ತಾಗಿ ಮುಂದಿನ ಹಲ್ಲುಗಳು ತೆರೆದುಕೊಳ್ಳುತ್ತವೆ, ಮತ್ತು ಮೃದು ಅಂಗುಳವು ಗಂಟಲ ಹಿಂಗೋಡೆಗೆ ಒತ್ತಿಕೊಂಡು ಉಸಿರಿನ ದಾರಿಯನ್ನು ಮುಚ್ಚುತ್ತದೆ.

ಕರಾವಳಿಯ ಸನ್ನಿವೇಶ

ಮೂರೂ ತಾಲ್ಲೂಕುಗಳ ಪಟ್ಟಣಗಳನ್ನು ರಾಷ್ಟ್ರೀಯ ಹೆದ್ದಾರಿ 66 ಹೊಲಿದಂತೆ ಜೋಡಿಸುತ್ತದೆ. ಶಾಲೆ, ಪೇಟೆ, ಬಂದರು, ಗದ್ದೆ ಎಲ್ಲವೂ ಈ ಹೆದ್ದಾರಿಯ ಎರಡೂ ಮಗ್ಗುಲಲ್ಲಿ ಇರುವುದರಿಂದ, ದೂರ ಸಾಗುವ ಲಾರಿ ಬಸ್ಸುಗಳ ನಡುವೆಯೇ ಊರಿನ ಬೈಕು, ಸ್ಕೂಟರು, ಆಟೊಗಳು ದಾಟಬೇಕಾಗುತ್ತದೆ. ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ, ಕುಮಟಾದಿಂದ ದೇವಿಮನೆಯ ಮೂಲಕ ಘಟ್ಟ ಹತ್ತುವ ರಸ್ತೆಗಳ ತಿರುವುಗಳು ಮಳೆಗಾಲದಲ್ಲಿ ಹೆಚ್ಚು ಅಪಾಯಕಾರಿ. ಭಾರತದಾದ್ಯಂತ ಮುಖದ ಮೂಳೆ ಮುರಿತಕ್ಕೆ ರಸ್ತೆ ಅಪಘಾತವೇ ಪ್ರಧಾನ ಕಾರಣವಾಗಿದ್ದು, ಗಾಯಗೊಳ್ಳುವವರಲ್ಲಿ ದ್ವಿಚಕ್ರ ವಾಹನದ ಯುವಕರೇ ಹೆಚ್ಚು. ಇದರ ಜೊತೆಗೆ ಈ ಸೀಮೆಯ ದುಡಿಮೆಗೂ ತನ್ನದೇ ಅಪಾಯಗಳಿವೆ. ತೆಂಗು ಅಡಿಕೆ ಮರಗಳಿಂದ ಬೀಳುವುದು, ತೆಂಗಿನಗುಂಡಿ, ಕಾಸರಕೋಡು, ತದಡಿಯಂತಹ ಬಂದರುಗಳಿಂದ ಹೊರಡುವ ಬೋಟುಗಳಲ್ಲಿ ಬಿಗಿದ ಹಗ್ಗ ಚಿಮ್ಮಿ ಅಥವಾ ಜಾರುವ ಅಟ್ಟದ ಮೇಲೆ ಮುಗ್ಗರಿಸಿ ಮುಖಕ್ಕೆ ಪೆಟ್ಟಾಗುವುದು, ಕೊಟ್ಟಿಗೆಯಲ್ಲಿ ದನ ಹಾಯುವುದು, ಕಬಡ್ಡಿ ಕ್ರಿಕೆಟ್ಟುಗಳಲ್ಲಿ ಮೊಣಕೈ ಅಥವಾ ಚೆಂಡು ಬಡಿಯುವುದು, ಇವೆಲ್ಲ ಸಾಧ್ಯವಿರುವ ಕಾರಣಗಳು. ಎತ್ತರದಿಂದ ಬಿದ್ದವರಲ್ಲಿ ಕುತ್ತಿಗೆಯ ಮೂಳೆಗೂ ಪೆಟ್ಟಾಗಿರುವ ಸಂಭವವನ್ನು ಸದಾ ಗಮನದಲ್ಲಿಡಬೇಕು.

ದೂರದ ಲೆಕ್ಕ ಹೀಗಿದೆ. 1953ರಲ್ಲಿ ಸ್ಥಾಪನೆಯಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಮತ್ತು 1965ರಲ್ಲಿ ಆರಂಭವಾದ ದಂತ ವೈದ್ಯಕೀಯ ಕಾಲೇಜು ಇರುವ ಮಣಿಪಾಲವು ಭಟ್ಕಳದಿಂದ ಸುಮಾರು 90, ಹೊನ್ನಾವರದಿಂದ ಸುಮಾರು 130, ಕುಮಟಾದಿಂದ ಸುಮಾರು 150 ಕಿಲೋಮೀಟರು ದೂರದಲ್ಲಿದೆ. ಹುಬ್ಬಳ್ಳಿ ಧಾರವಾಡದ ಆಸ್ಪತ್ರೆಗಳಿಗೆ ಹೋಗಬೇಕಾದರೆ ಘಟ್ಟ ಹತ್ತಬೇಕು. ಜಿಲ್ಲಾ ಕೇಂದ್ರ ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಇಲ್ಲಿ ಹಳೆಯದು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಹೊರಟಿದ್ದ ಆಂಬ್ಯುಲೆನ್ಸ್ ಬೈಂದೂರು ತಾಲ್ಲೂಕಿನ ಶಿರೂರು ಟೋಲ್‌ಗೇಟಿನ ಬಳಿ ಮಳೆಯಲ್ಲಿ ಜಾರಿ ಬಡಿದು ನಾಲ್ವರು ಸತ್ತ ಬಳಿಕ ಆ ಕೂಗು ಜಿಲ್ಲೆಯಾದ್ಯಂತ ಚಳವಳಿಯ ರೂಪ ಪಡೆಯಿತು. ರೋಗಿಯ ಸಾಗಾಟವೇ ಒಂದು ಅಪಾಯವೆಂಬುದನ್ನು ಆ ದುರಂತ ತೋರಿಸಿತು. ಯಾರನ್ನು ತಕ್ಷಣ ಕಳಿಸಬೇಕು, ಯಾರನ್ನು ಸ್ಥಿರಗೊಳಿಸಿ ಹಗಲಿನಲ್ಲಿ ಕಳಿಸಬಹುದು ಎಂಬ ತೀರ್ಮಾನಕ್ಕೆ ಇಲ್ಲಿ ಇರುವ ತೂಕ ನಗರಗಳಲ್ಲಿ ಇರುವುದಕ್ಕಿಂತ ಹೆಚ್ಚು.

ವರ್ಗೀಕರಣದ ಇತಿಹಾಸ

ಈ ಗಾಯಗಳ ಚಿಕಿತ್ಸೆ ಭಾರತಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನವು ಎಳೆಯ ಮೂಳೆಗಳು ಬಾಗುತ್ತವೆ, ನಳಿಕೆಯಂಥವು ಮುರಿಯುತ್ತವೆ, ಕಪಾಲದವು ಸೀಳುತ್ತವೆ, ಹಲ್ಲುಗಳು ಒಡೆಯುತ್ತವೆ ಎಂದು ಮುರಿತದ ಬಗೆಗಳನ್ನು ಬೇರ್ಪಡಿಸುತ್ತದೆ. ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯವು ಕುಸಿದ ಅಥವಾ ತಿರುಚಿದ ಮೂಗನ್ನು ಶಲಾಕೆಯಿಂದ ನೇರಗೊಳಿಸಿ, ಎರಡೂ ಹೊಳ್ಳೆಗಳಲ್ಲಿ ಇಬ್ಬದಿ ತೆರೆದ ನಳಿಕೆಗಳನ್ನಿಟ್ಟು, ಪಟ್ಟಿ ಸುತ್ತಬೇಕೆಂದು ವಿಧಿಸುತ್ತದೆ. ಒಳಗಿನಿಂದ ಎತ್ತಿ, ಆಧಾರವಿಟ್ಟು, ಉಸಿರಿಗೆ ದಾರಿ ಬಿಟ್ಟು, ಹೊರಗಿನಿಂದ ಬಿಗಿಯುವ ಈ ನಾಲ್ಕು ಹೆಜ್ಜೆಗಳು ಇಂದಿಗೂ ಮೂಗಿನ ಮುರಿತದ ಚಿಕಿತ್ಸೆಯಲ್ಲಿ ಉಳಿದಿವೆ.

ಆಧುನಿಕ ವರ್ಗೀಕರಣಕ್ಕೆ ತಳಹದಿ ಹಾಕಿದವನು ಫ್ರಾನ್ಸಿನ ಶಸ್ತ್ರವೈದ್ಯ ರೆನೆ ಲೆ ಫೋರ್. 35 ಶವಗಳ ತಲೆಗಳಿಗೆ ನಾನಾ ದಿಕ್ಕಿನಿಂದ ಪೆಟ್ಟು ಕೊಟ್ಟು, ಮೂಳೆ ಬಿಡಿಸಿ ನೋಡಿ, 1901ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವನು ಮೇಲ್ದವಡೆ ಒಡೆಯುವ ದುರ್ಬಲ ರೇಖೆಗಳನ್ನು ಗುರುತಿಸಿದನು. ಮೊದಲ ಬಗೆಯಲ್ಲಿ ಹಲ್ಲಿನ ಬೇರುಗಳ ಮೇಲೆ ಅಡ್ಡವಾಗಿ ಬಿರುಕುಬಿಟ್ಟು ಹಲ್ಲುಸಾಲು ಮತ್ತು ಅಂಗುಳ ಮಾತ್ರ ಸಡಿಲವಾಗುತ್ತವೆ. ಎರಡನೆಯ ಬಗೆಯಲ್ಲಿ ಬಿರುಕು ಮೂಗಿನ ಸೇತುವೆಯಿಂದ ಕಣ್ಗೂಡಿನ ಒಳಗೋಡೆ ಮತ್ತು ಕೆಳಅಂಚನ್ನು ದಾಟಿ ಇಳಿದು, ಮೂಗೂ ಮೇಲ್ದವಡೆಯೂ ಕೂಡಿದ ಗೋಪುರಾಕಾರದ ತುಂಡು ಬಿಡಿಯಾಗುತ್ತದೆ. ಮೂರನೆಯ ಬಗೆಯಲ್ಲಿ ಕಣ್ಗೂಡುಗಳ ಹೊರಗೋಡೆ ಮತ್ತು ಕೆನ್ನೆಯ ಕಮಾನುಗಳೂ ಮುರಿದು ಇಡೀ ಮುಖ ತಲೆಬುರುಡೆಯಿಂದ ಕಳಚಿಕೊಳ್ಳುತ್ತದೆ. ಮೂರರಲ್ಲಿಯೂ ದವಡೆಯ ಹಿಂಭಾಗದ ರೆಕ್ಕೆಯಾಕಾರದ ಮೂಳೆಫಲಕ ಮುರಿದಿರುತ್ತದೆ. ಸ್ಕ್ಯಾನಿನಲ್ಲಿ ಆ ಫಲಕ ಅಖಂಡವಾಗಿದ್ದರೆ ಇಂಥ ಪೂರ್ಣ ಮುರಿತವನ್ನು ಸಾಮಾನ್ಯವಾಗಿ ತಳ್ಳಿಹಾಕಬಹುದು.

ಇಂದಿನ ವೇಗದ ಅಪಘಾತಗಳಲ್ಲಿ ಮುರಿತ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಒಂದು ಬದಿಗೆ ಎರಡನೆಯ ಬಗೆ, ಮತ್ತೊಂದು ಬದಿಗೆ ಮೂರನೆಯ ಬಗೆ, ಜೊತೆಗೆ ಅಂಗುಳ ನಡುವೆ ಸೀಳಿರುವುದು ಸಾಮಾನ್ಯ. ಮೇಲ್ದವಡೆಯ ಈ ಮುರಿತಗಳಿಗಿಂತ ಮೂಗಿನ ಮೂಳೆಯ ಮತ್ತು ಕೆನ್ನೆ ಮೂಳೆಯ ಬಿಡಿ ಮುರಿತಗಳು ಹೆಚ್ಚಾಗಿ ಕಾಣಿಸುವುದರಿಂದ ಅವಕ್ಕೆ ಬೇರೆ ವಿಂಗಡಣೆಗಳು ಹುಟ್ಟಿದವು. ಕಣ್ಗೂಡಿನ ಅಂಚು ಗಟ್ಟಿಯಾಗಿದ್ದು ನೆಲ ಮಾತ್ರ ಕುಸಿಯುವ ಮುರಿತವನ್ನು ಸ್ಮಿತ್ ಮತ್ತು ರೀಗನ್ 1957ರಲ್ಲಿ ವಿವರಿಸಿದರು. ಮೂಗು ಮತ್ತು ಕಣ್ಗೂಡು ಸೇರುವೆಡೆಯ ಮುರಿತಗಳನ್ನು, ಕಣ್ಣಿನ ಒಳಮೂಲೆಯ ಸ್ನಾಯುರಜ್ಜು ಅಂಟಿಕೊಂಡಿರುವ ಮೂಳೆತುಂಡಿನ ಸ್ಥಿತಿಗೆ ಅನುಸಾರವಾಗಿ ಮೂರು ಬಗೆಯಾಗಿ ವಿಂಗಡಿಸುವ ಪದ್ಧತಿ 1991ರಿಂದ ಬಳಕೆಯಲ್ಲಿದೆ. ಈ ಹೆಸರುಗಳಿಂದ ವೈದ್ಯರ ನಡುವಿನ ಮಾತುಕತೆ ಸುಲಭವಾಗುತ್ತದೆ; ಚಿಕಿತ್ಸೆಯನ್ನು ನಿರ್ಧರಿಸುವುದು ಮಾತ್ರ ಯಾವ ಕಂಬ ಎಷ್ಟು ಸರಿದಿದೆ, ಯಾವ ಅಂಗ ಕೆಲಸ ಕಳೆದುಕೊಂಡಿದೆ ಎಂಬ ವಿವರ.

ಮೊದಲ ಗಂಟೆಯ ತಪಾಸಣೆ

ಮುಖದ ಗಾಯ ಎಷ್ಟೇ ಭೀಕರವಾಗಿ ಕಂಡರೂ ತಪಾಸಣೆಯ ಕ್ರಮ ಬದಲಾಗಬಾರದು. ಕುತ್ತಿಗೆಯನ್ನು ಅಲುಗಿಸದೆ ಉಸಿರಿನ ದಾರಿ, ಅನಂತರ ಉಸಿರಾಟ, ರಕ್ತಸ್ರಾವ, ಪ್ರಜ್ಞೆ, ಕೊನೆಗೆ ಮೈಯ ಉಳಿದ ಗಾಯಗಳು, ಹೀಗೆ ಕ್ರಮವಾಗಿ ಸಾಗಬೇಕು. ಪ್ರಜ್ಞೆಯಿರುವ ಗಾಯಾಳು ಎದ್ದು ಕೂತು ಮುಂದಕ್ಕೆ ಬಾಗಲು ಹವಣಿಸುತ್ತಿದ್ದರೆ, ರಕ್ತ ಮತ್ತು ಜೊಲ್ಲನ್ನು ಹೊರಗೆ ಹರಿಯಬಿಟ್ಟು ಉಸಿರನ್ನು ಉಳಿಸಿಕೊಳ್ಳುವ ಪ್ರಯತ್ನ ಅದೆಂದು ತಿಳಿಯಬೇಕು. ಬೆನ್ನುಮೂಳೆಯ ಗಾಯದ ಸಂಶಯ ಬಲವಾಗಿರದಿದ್ದಲ್ಲಿ ಅವನನ್ನು ಬಲವಂತವಾಗಿ ಅಂಗಾತ ಮಲಗಿಸುವುದು ಪ್ರಾಣಾಪಾಯಕ್ಕೆ ದಾರಿ. ಬಾಯಿಯಲ್ಲಿನ ರಕ್ತದ ಗರಣೆ, ಮುರಿದ ಹಲ್ಲು, ಕೃತಕ ಹಲ್ಲುಸೆಟ್ಟು ಇವನ್ನು ತೆಗೆದು, ಹಿಂದೆ ಜಾರಿದ ಮೇಲ್ದವಡೆಯನ್ನು ಅಂಗುಳದ ಹಿಂದೆ ಬೆರಳು ಕೊಟ್ಟು ಮುಂದಕ್ಕೆ ಎಳೆದರೆ ಮುಚ್ಚಿದ ದಾರಿ ತೆರೆದುಕೊಳ್ಳಬಹುದು. ಇದಕ್ಕೆ ಯಂತ್ರವೇನೂ ಬೇಕಿಲ್ಲ, ಕೈಗವಸು ತೊಟ್ಟ ಕೈಯೊಂದು ಸಾಕು.

ಪ್ರಜ್ಞೆ ಕುಂದುತ್ತಿದ್ದರೆ ಅಥವಾ ಊತ, ರಕ್ತಸ್ರಾವ ಏರುತ್ತಿದ್ದರೆ ಸಾಗಾಟಕ್ಕೆ ಮುನ್ನವೇ ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸುವುದು ಲೇಸು. ಎರಡು ಮೂರು ಗಂಟೆ ಓಡುವ ಆಂಬ್ಯುಲೆನ್ಸಿನಲ್ಲಿ, ಕತ್ತಲಲ್ಲಿ, ಊದಿಕೊಂಡ ಗಂಟಲಿಗೆ ಕೊಳವೆ ಹಾಕುವುದು ಬಹುತೇಕ ಆಗದ ಕೆಲಸ. ಬಾಯಿಯ ದಾರಿ ಸಾಧ್ಯವಾಗದಿದ್ದರೆ ಕುತ್ತಿಗೆಯ ಮುಂಭಾಗದ ಪೊರೆಯನ್ನು ಸೀಳಿ ದಾರಿ ಮಾಡುವ ಸಿದ್ಧತೆ ಇರಬೇಕು. ತಲೆಬುರುಡೆಯ ತಳ ಒಡೆದಿರುವ ಸಂಶಯವಿರುವಾಗ ಮೂಗಿನ ಮೂಲಕ ಹೊಟ್ಟೆಗಾಗಲಿ ಶ್ವಾಸನಾಳಕ್ಕಾಗಲಿ ಕೊಳವೆ ತೂರಿಸಬಾರದು. ಅದು ಮಿದುಳಿನೊಳಕ್ಕೆ ಹೋದ ನಿದರ್ಶನಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ.

ಮುಖಕ್ಕೆ ರಕ್ತ ಪೂರೈಕೆ ಸಮೃದ್ಧವಾಗಿರುವುದರಿಂದ ಗಾಯ ಬೇಗ ಮಾಯುತ್ತದೆ. ಅದೇ ಕಾರಣಕ್ಕೆ ರಕ್ತಸ್ರಾವವೂ ಜೋರಾಗಿರುತ್ತದೆ. ಅಂಗಾತ ಮಲಗಿದವರು ರಕ್ತವನ್ನು ನುಂಗುತ್ತಿದ್ದರೆ ಸ್ರಾವದ ಪ್ರಮಾಣ ಹೊರಗೆ ಕಾಣಿಸುವುದಿಲ್ಲ. ಮೂಗಿನ ಮುಂಭಾಗಕ್ಕೆ ಬತ್ತಿ ತುಂಬಿ, ಅದಕ್ಕೂ ನಿಲ್ಲದಿದ್ದರೆ ಮೂತ್ರಕ್ಕೆ ಬಳಸುವ ಫೋಲಿ ಕೊಳವೆಯನ್ನೇ ಮೂಗಿನ ನೆಲಕ್ಕೆ ಸಮಾಂತರವಾಗಿ ಎಚ್ಚರದಿಂದ ಹಿಂದಕ್ಕೆ ಸರಿಸಿ, ಅದರ ಬಲೂನನ್ನು ಉಬ್ಬಿಸಿ ಮುಂದಕ್ಕೆಳೆದು ಬಿಗಿಯುವ ಕ್ರಮ ಸಣ್ಣ ಆಸ್ಪತ್ರೆಯಲ್ಲಿಯೂ ಸಾಧ್ಯ. ರಕ್ತ ಹೆಪ್ಪುಗಟ್ಟಲು ನೆರವಾಗುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನವಿರುವುದರಿಂದ ಅದೂ ತಾಲ್ಲೂಕು ಆಸ್ಪತ್ರೆಯ ಹೊಣೆಗೆ ಸೇರುತ್ತದೆ. ಇಷ್ಟಾದರೂ ರಕ್ತದೊತ್ತಡ ಕುಸಿಯುತ್ತಿದ್ದರೆ ಮುಖದ ಗಾಯವೊಂದನ್ನೇ ದೂರದೆ ಹೊಟ್ಟೆ, ಎದೆ, ಸೊಂಟಗಳಲ್ಲಿ ರಕ್ತ ಸೋರುತ್ತಿದೆಯೇ ಎಂದು ಹುಡುಕಬೇಕು. ಪ್ರಜ್ಞೆಯ ಮಟ್ಟವನ್ನು ಗ್ಲಾಸ್ಗೋ ಮಾಪನದ ಅಂಕಿಯಲ್ಲಿ, ನೋಡಿದ ಹೊತ್ತಿನೊಡನೆ ಬರೆದಿಟ್ಟರೆ ಮುಂದಿನ ಆಸ್ಪತ್ರೆಯವರಿಗೆ ಇಳಿತ ಏರಿಕೆಗಳು ತಿಳಿಯುತ್ತವೆ.

ಕಣ್ಣು, ಮೂಗು, ಹಲ್ಲು

ಪ್ರಾಣಾಪಾಯ ಕಳೆದ ಕೂಡಲೇ ನೋಡಬೇಕಾದದ್ದು ಕಣ್ಣು. ಒಂದೆರಡು ಗಂಟೆಗಳಲ್ಲಿ ರೆಪ್ಪೆಗಳು ಊದಿ ಮುಚ್ಚಿಕೊಳ್ಳುವುದರಿಂದ, ಮೊದಲು ನೋಡಿದ ವೈದ್ಯರು ಪರೀಕ್ಷಿಸದಿದ್ದರೆ ಅನಂತರದವರಿಗೆ ಅವಕಾಶ ಸಿಗದೇ ಹೋಗಬಹುದು. ಪ್ರತಿ ಕಣ್ಣಿಗೂ ಬೆರಳೆಣಿಕೆ ಕಾಣುತ್ತದೆಯೇ, ಬೆಳಕು ತಿಳಿಯುತ್ತದೆಯೇ, ಪಾಪೆ ಬೆಳಕಿಗೆ ಕುಗ್ಗುತ್ತದೆಯೇ, ಕಣ್ಣು ಎಲ್ಲ ದಿಕ್ಕಿಗೂ ಹೊರಳುತ್ತದೆಯೇ ಎಂಬ ನಾಲ್ಕು ಸಂಗತಿಗಳಿಗೆ ಟಾರ್ಚೊಂದು ಸಾಕು. ಕಣ್ಣು ಮುಂದಕ್ಕೆ ತಳ್ಳಲ್ಪಟ್ಟು, ಕಲ್ಲಿನಂತೆ ಬಿಗಿದು, ನೋವಿನೊಡನೆ ನೋಟ ಮಂಕಾಗುತ್ತಿದ್ದರೆ ಕಣ್ಣುಗುಡ್ಡೆಯ ಹಿಂದೆ ರಕ್ತ ಶೇಖರವಾಗಿ ನರವನ್ನು ಒತ್ತುತ್ತಿದೆ ಎಂದರ್ಥ. ರಕ್ತಪೂರೈಕೆ ಕಡಿದ ದೃಷ್ಟಿಪಟಲವು ಸುಮಾರು ಒಂದೂವರೆ ಗಂಟೆಯಿಂದ ಎರಡು ಗಂಟೆಯಲ್ಲಿ ಶಾಶ್ವತವಾಗಿ ಕೆಡುತ್ತದೆ. ಹೊನ್ನಾವರದಿಂದ ಮಣಿಪಾಲ ತಲುಪಲು ಹಿಡಿಯುವ ಹೊತ್ತು ಅದಕ್ಕಿಂತ ಕಡಿಮೆಯಲ್ಲ. ರೆಪ್ಪೆಯ ಹೊರಮೂಲೆಯನ್ನು ಕತ್ತರಿಸಿ ಒತ್ತಡ ಇಳಿಸುವ ಸಣ್ಣ ಕ್ರಿಯೆಯನ್ನು ಸ್ಥಳೀಯ ಅರಿವಳಿಕೆಯಲ್ಲಿ ಕೆಲವೇ ನಿಮಿಷಗಳಲ್ಲಿ, ಸ್ಕ್ಯಾನಿಗೂ ಕಾಯದೆ ಮಾಡಬಹುದು. ಈ ಒಂದು ಕೌಶಲವನ್ನು ಕರಾವಳಿಯ ಪ್ರತಿ ತುರ್ತು ಘಟಕದ ವೈದ್ಯರಿಗೂ ಕಲಿಸುವುದರಿಂದ ಉಳಿಯಬಹುದಾದ ಕಣ್ಣನ್ನು ಯಾವ ದೊಡ್ಡ ಆಸ್ಪತ್ರೆಯೂ ತಡವಾಗಿ ಮರಳಿ ಕೊಡಲಾರದು.

ಮೂಗಿನ ಒಳಗನ್ನು ನೋಡುವುದು ಎರಡನೆಯ ಕಡ್ಡಾಯ. ನಡುತಡಿಕೆಯ ಎರಡೂ ಬದಿಗೆ ಮೆತ್ತನೆಯ ಕೆಂಗಪ್ಪು ಉಬ್ಬು ಕಂಡರೆ ಅಲ್ಲಿ ರಕ್ತ ಕಟ್ಟಿಕೊಂಡಿದೆ. ಅದನ್ನು ಕೂಡಲೇ ಬಸಿಯದಿದ್ದರೆ ಪೋಷಣೆ ತಪ್ಪಿದ ಮೃದ್ವಸ್ಥಿ ಕೆಲವೇ ದಿನಗಳಲ್ಲಿ ಕೊಳೆತು ಮೂಗಿನ ಸೇತುವೆ ಕುಸಿಯುತ್ತದೆ. ಮೂಗಿನಿಂದ ತಿಳಿನೀರು ತೊಟ್ಟಿಕ್ಕುತ್ತಿದ್ದರೆ, ತಲೆ ಬಾಗಿಸಿದಾಗ ಹೆಚ್ಚಾದರೆ, ಬಾಯಿಗೆ ಉಪ್ಪುಪ್ಪಾದರೆ, ಮಿದುಳನ್ನು ಸುತ್ತುವರಿದ ದ್ರವ ಸೋರುತ್ತಿದೆಯೆಂದು ಸಂಶಯಿಸಬೇಕು. ಬಟ್ಟೆಯ ಮೇಲೆ ಬಿದ್ದ ಹನಿಯ ಸುತ್ತ ಮೂಡುವ ಉಂಗುರವನ್ನು ನೋಡಿ ತೀರ್ಮಾನಿಸುವ ಹಳೆಯ ರೂಢಿ ವಿಶ್ವಾಸಾರ್ಹವಲ್ಲ. ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನ ಪರೀಕ್ಷೆ ನಿಖರವಾದುದು. ಕಣ್ಣುಗಳ ಒಳಮೂಲೆಗಳ ನಡುವಿನ ಅಂತರ ವಯಸ್ಕರಲ್ಲಿ ಸಾಮಾನ್ಯವಾಗಿ 30ರಿಂದ 35 ಮಿಲಿಮೀಟರು. ಅದು 40ನ್ನು ಮುಟ್ಟಿದರೆ ಅಲ್ಲಿಯ ಮೂಳೆ ಒಡೆದು ಹರಡಿರುವುದು ಬಹುತೇಕ ಖಚಿತ.

ಕೆನ್ನೆ ಮೂಳೆ ಸರಿದಾಗ ಕೆನ್ನೆಯ ಉಬ್ಬು ಮಟ್ಟಸವಾಗುತ್ತದೆ, ಕಣ್ಣಿನ ಕೆಳಗಿನ ಚರ್ಮ, ಮೂಗಿನ ಪಕ್ಕ, ಮೇಲ್ತುಟಿ ಮತ್ತು ಮೇಲಿನ ಹಲ್ಲುಗಳು ಮರಗಟ್ಟುತ್ತವೆ, ಕಮಾನು ಒಳಕ್ಕೆ ಕುಸಿದಿದ್ದರೆ ಬಾಯಿ ಪೂರ್ತಿ ತೆರೆಯುವುದಿಲ್ಲ. ಮೇಲ್ದವಡೆಯನ್ನು ಪರೀಕ್ಷಿಸಲು ಒಂದು ಕೈಯಿಂದ ಹಣೆಯನ್ನು ಸ್ಥಿರವಾಗಿ ಹಿಡಿದು ಇನ್ನೊಂದರಿಂದ ಮುಂದಿನ ಹಲ್ಲುಸಾಲನ್ನು ಮೆಲ್ಲಗೆ ಅಲುಗಿಸುತ್ತಾರೆ. ಚಲನೆ ಹಲ್ಲಿನ ಮೇಲೆ ಮಾತ್ರ ತಿಳಿದರೆ ಮೊದಲ ಬಗೆ, ಮೂಗಿನ ಸೇತುವೆಯಲ್ಲಿ ತಿಳಿದರೆ ಎರಡನೆಯದು, ಕಣ್ಗೂಡಿನ ಹೊರ ಅಂಚಿನಲ್ಲಿಯೂ ತಿಳಿದರೆ ಮೂರನೆಯದು. ಹಲ್ಲುಗಳು ಮೊದಲಿನಂತೆ ಕೂಡುತ್ತವೆಯೇ ಎಂದು ಗಾಯಾಳುವನ್ನೇ ಕೇಳುವುದು ಅಷ್ಟೇ ಮುಖ್ಯ, ಏಕೆಂದರೆ ಕೂದಲೆಳೆಯಷ್ಟು ವ್ಯತ್ಯಾಸವೂ ಹಲ್ಲಿಗೆ ತಿಳಿಯುತ್ತದೆ. ಕಾಣೆಯಾದ ಹಲ್ಲು ಸಿಗದಿದ್ದರೆ ಎದೆಯ ಎಕ್ಸ್‌ರೇ ತೆಗೆಸಿ ಶ್ವಾಸಕೋಶಕ್ಕೆ ಸೇರಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಚಿತ್ರಣ

ಗಲ್ಲವನ್ನೆತ್ತಿಸಿ ತೆಗೆಯುವ ವಾಟರ್ಸ್ ನೋಟದ ಎಕ್ಸ್‌ರೇಯು ಕಣ್ಗೂಡಿನ ಅಂಚು, ಕೆನ್ನೆ ಮೂಳೆ ಮತ್ತು ಕುಹರದಲ್ಲಿ ತುಂಬಿದ ರಕ್ತವನ್ನು ಇಂದಿಗೂ ಅಗ್ಗದಲ್ಲಿ ತೋರಿಸುತ್ತದೆ. ಆದರೆ ಕಣ್ಗೂಡಿನ ನೆಲ ಎಷ್ಟು ಕುಸಿದಿದೆ, ತಲೆಬುರುಡೆಯ ತಳ ಬಿರುಕುಬಿಟ್ಟಿದೆಯೇ ಎಂಬುದು ಸುಮಾರು ಒಂದು ಮಿಲಿಮೀಟರು ಪದರಗಳ ಸಿ.ಟಿ. ಸ್ಕ್ಯಾನಿನಲ್ಲಿ ಮಾತ್ರ ಸ್ಪಷ್ಟವಾಗುತ್ತದೆ. ತಲೆಗೆ ಪೆಟ್ಟಾದವರಿಗೆ ಮಿದುಳಿನ ಸ್ಕ್ಯಾನ್ ಮಾಡುವಾಗಲೇ ಮುಖವನ್ನೂ, ಅಗತ್ಯವಿದ್ದರೆ ಕುತ್ತಿಗೆಯನ್ನೂ ಸೇರಿಸಿಕೊಂಡರೆ ಎರಡನೆಯ ಸ್ಕ್ಯಾನಿನ ಖರ್ಚು, ವಿಕಿರಣ, ಪ್ರಯಾಣ ಮೂರೂ ಉಳಿಯುತ್ತವೆ. ಬರಿಯ ಮೂಗಿನ ಮುರಿತಕ್ಕೆ ಚಿತ್ರವೇ ಬೇಕಿಲ್ಲ. ಕಣ್ಣು ಮತ್ತು ಕೈ ಕೊಡುವ ಮಾಹಿತಿ ಅಲ್ಲಿ ಹೆಚ್ಚು.

ಚಿಕಿತ್ಸೆಯ ಹೊತ್ತು ಮತ್ತು ಹಾದಿ

ಎಲ್ಲ ಮುರಿತಗಳಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಸರಿಯದ ಕೆನ್ನೆ ಮೂಳೆ, ನೋಟ ಎರಡಾಗದ ಚಿಕ್ಕ ನೆಲಬಿರುಕು, ಹಲ್ಲಿನ ಕೂಡುವಿಕೆ ಕೆಡದ ದವಡೆಯ ಬಿರುಕು, ಇವು ಮೆತ್ತಗಿನ ಊಟ ಮತ್ತು ನಿಗಾದಲ್ಲಿ ತಾವಾಗಿಯೇ ಕೂಡುತ್ತವೆ. ಬೇಕಾದವರಲ್ಲಿಯೂ ಊತ ಇಳಿಯುವ ತನಕ, ಅಂದರೆ ಸಾಮಾನ್ಯವಾಗಿ 5ರಿಂದ 10 ದಿನ, ಕಾಯುವುದು ರೂಢಿ. ಎರಡು ವಾರ ದಾಟಿದರೆ ತುಂಡುಗಳು ಅಂಟತೊಡಗುತ್ತವೆ, ಮೂರ್ನಾಲ್ಕು ವಾರಗಳಾದರೆ ಮತ್ತೆ ಒಡೆದು ಸೇರಿಸಬೇಕಾಗುತ್ತದೆ. ಮೂಗಿನ ಮೂಳೆಯನ್ನು ವಯಸ್ಕರಲ್ಲಿ 7ರಿಂದ 10 ದಿನದೊಳಗೆ, ಮಕ್ಕಳಲ್ಲಿ ಅದಕ್ಕೂ ಮೊದಲೇ ಎತ್ತಿ ನಿಲ್ಲಿಸಬೇಕು. ನಾಟಿ ವೈದ್ಯರ ಪಟ್ಟಿಯನ್ನು ನೆಚ್ಚುವ ಪದ್ಧತಿ ಕೈಕಾಲುಗಳ ಮಟ್ಟಿಗೆ ಹಳ್ಳಿಗಳಲ್ಲಿ ಉಳಿದಿದೆ. ಮುಖದ ಮೂಳೆಗಳನ್ನು ಹೊರಗಿನಿಂದ ಪಟ್ಟಿ ಕಟ್ಟಿ ಹಿಡಿದಿಡಲು ಆಗುವುದಿಲ್ಲವಾದ್ದರಿಂದ, ಆ ನಂಬಿಕೆಯಲ್ಲಿ ಕಳೆಯುವ ವಾರಗಳು ಮರಳಿ ಬಾರದ ನಷ್ಟ.

ಚಿಕಿತ್ಸೆಯ ಹಾದಿ ಒಂದು ಶತಮಾನದಲ್ಲಿ ಬಹಳ ಬದಲಾಗಿದೆ. ಕುಸಿದ ಕೆನ್ನೆ ಮೂಳೆಯನ್ನು ಕಪಾಲದ ಕೂದಲ ಮರೆಯಲ್ಲಿ ಸಣ್ಣ ಸೀಳು ಮಾಡಿ ಸಲಾಕೆಯಿಂದ ಎತ್ತುವ ವಿಧಾನವನ್ನು ಹೆರಾಲ್ಡ್ ಗಿಲೀಸ್ ಮತ್ತು ಸಂಗಡಿಗರು 1927ರಲ್ಲಿ ಪ್ರಕಟಿಸಿದರು. ಸರಳ ಮುರಿತಗಳಿಗೆ ಅದು ಇಂದಿಗೂ ಚಾಲ್ತಿಯಲ್ಲಿದೆ. 1942ರಲ್ಲಿ ಮಿಲ್ಟನ್ ಆ್ಯಡಮ್ಸ್ ಮೂಳೆಗಳನ್ನು ತಂತಿಯಿಂದ ಒಳಗೇ ತೂಗಿಕಟ್ಟುವ ಕ್ರಮವನ್ನು ತಂದನು. ತಂತಿ ಎಳೆದು ಬಿಗಿಯುತ್ತದೆಯೇ ಹೊರತು ಎತ್ತರವನ್ನು ಕಾಯುವುದಿಲ್ಲವಾದ್ದರಿಂದ ಮುಖ ಕುಗ್ಗಿ ಅಗಲವಾಗುವ ದೋಷ ಉಳಿಯುತ್ತಿತ್ತು. 1970ರ ದಶಕದಲ್ಲಿ ಫ್ರಾನ್ಸಿನ ಮಿಶೆಲೆ, ಶಾಂಪಿ ಮೊದಲಾದವರು ಬಳಕೆಗೆ ತಂದ ಕಿರುಪ್ಲೇಟುಗಳು ಮತ್ತು 1980ರ ದಶಕದಲ್ಲಿ ಪಾಲ್ ಮ್ಯಾನ್ಸನ್, ಜೋಸೆಫ್ ಗ್ರಸ್ ಮುಂತಾದವರು ಬೆಳೆಸಿದ ಕಂಬಗಳ ಸಿದ್ಧಾಂತ ಕೂಡಿ ಇಂದಿನ ಪದ್ಧತಿ ರೂಪುಗೊಂಡಿತು. ಈಗ ಬಳಕೆಯಲ್ಲಿರುವ ಟೈಟಾನಿಯಂ ಪ್ಲೇಟುಗಳನ್ನು ತೊಂದರೆಯಾಗದ ಹೊರತು ಮತ್ತೆ ತೆಗೆಯಬೇಕಾಗಿಲ್ಲ.

ಇಂದಿನ ಶಸ್ತ್ರಚಿಕಿತ್ಸೆಯಲ್ಲಿ ಮೊದಲು ಹಲ್ಲುಸಾಲುಗಳಿಗೆ ಲೋಹದ ಪಟ್ಟಿ ಕಟ್ಟಿ ಮೇಲಿನ ಕೆಳಗಿನ ಹಲ್ಲುಗಳನ್ನು ಸರಿಯಾಗಿ ಕೂಡಿಸುತ್ತಾರೆ. ಸಿಕ್ಕಿಕೊಂಡ ಮೇಲ್ದವಡೆಯನ್ನು ರೋ ಎಂಬ ಹೆಸರಿನ ಇಕ್ಕಳದಿಂದ ಬಿಡಿಸಿ ಮುಂದಕ್ಕೆ ತಂದು, ಬಾಯಿಯ ಒಳಸೀಳಿನ ಮೂಲಕ ಮೂಗಿನ ಪಕ್ಕದ ಮತ್ತು ಕೆನ್ನೆಯ ಕಂಬಗಳಿಗೆ ಪ್ಲೇಟು ಹಾಕುತ್ತಾರೆ. ಕಣ್ಗೂಡಿನ ಅಂಚನ್ನು ರೆಪ್ಪೆಯ ಒಳಮಗ್ಗುಲಿನಿಂದ, ಹಣೆ ಮತ್ತು ಕೆನ್ನೆಯ ಕಮಾನನ್ನು ಅಗತ್ಯವಿದ್ದರೆ ನೆತ್ತಿಯ ಮೇಲೆ ಕಿವಿಯಿಂದ ಕಿವಿಗೆ ಎಳೆದ ಸೀಳಿನಿಂದ ತಲುಪುತ್ತಾರೆ. ಕುಸಿದ ಕಣ್ಗೂಡಿನ ನೆಲಕ್ಕೆ ಟೈಟಾನಿಯಂ ಜಾಲರಿ, ರಂಧ್ರಯುಕ್ತ ಪಾಲಿಥೀನ್ ಹಾಳೆ ಅಥವಾ ರೋಗಿಯದೇ ಮೂಳೆಯನ್ನು ಹಾಸುತ್ತಾರೆ. ಮುಖ ಪೂರ್ತಿ ಒಡೆದಾಗ ಕೆಳಗಿನಿಂದ ಮೇಲಕ್ಕೆ ಹೋಗಬೇಕೋ ಮೇಲಿನಿಂದ ಕೆಳಕ್ಕೋ ಎಂಬ ಚರ್ಚೆ ದೀರ್ಘಕಾಲ ನಡೆದಿದೆ. ಗಟ್ಟಿಯಾಗಿ ಉಳಿದ ಭಾಗದಿಂದ ಆರಂಭಿಸಿ ಒಡೆದ ಭಾಗದತ್ತ ಸಾಗಬೇಕು, ಅಗಲವನ್ನು ಮೊದಲು ನಿಗದಿಪಡಿಸಬೇಕು ಎಂಬಲ್ಲಿ ಎರಡೂ ಪಕ್ಷಗಳು ಒಂದಾಗುತ್ತವೆ. ಹಲ್ಲು ಕೂಡಿಸಲು ಬಾಯಿ ಖಾಲಿಯಿರಬೇಕು, ಮೂಗೂ ಮುರಿದಿರುತ್ತದೆ. ಆಗ ಅರಿವಳಿಕೆಯ ಕೊಳವೆಯನ್ನು ಗಲ್ಲದ ಕೆಳಗಿನಿಂದ ಹೊರತರುವ ಉಪಾಯವನ್ನು ಸ್ಪೇನಿನ ಹೆರ್ನಾಂಡೆಸ್ ಆಲ್ತೆಮಿರ್ 1986ರಲ್ಲಿ ಸೂಚಿಸಿದನು. ಶ್ವಾಸನಾಳಕ್ಕೆ ರಂಧ್ರ ಕೊರೆಯುವ ಅಗತ್ಯ ಇದರಿಂದ ಅನೇಕರಲ್ಲಿ ತಪ್ಪಿದೆ.

ಮಕ್ಕಳ ವಿಚಾರ

ಕಾಯಬಲ್ಲ ಮುರಿತಗಳ ನಡುವೆ ಮಕ್ಕಳ ಕಣ್ಗೂಡಿನ ಮುರಿತವೊಂದು ಕಾಯಲಾರದ್ದು. ಎಳೆಯ ಮೂಳೆ ಬಾಗಿ ತೆರೆದು ಮತ್ತೆ ಮುಚ್ಚಿಕೊಳ್ಳುವಾಗ ಕಣ್ಣು ಹೊರಳಿಸುವ ಸ್ನಾಯು ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಗೆ ಕಣ್ಣು ಕೆಂಪೂ ಆಗಿರುವುದಿಲ್ಲ, ಊತವೂ ಅಷ್ಟಾಗಿ ಇರುವುದಿಲ್ಲ; ಮೇಲೆ ನೋಡಲು ಹೇಳಿದರೆ ಮಾತ್ರ ಕಣ್ಣು ಏಳುವುದಿಲ್ಲ, ನಾಡಿ ನಿಧಾನವಾಗುತ್ತದೆ, ವಾಂತಿಯಾಗುತ್ತದೆ. ವಾಂತಿಯನ್ನು ನೋಡಿ ತಲೆಗೆ ಪೆಟ್ಟಾಗಿದೆಯೆಂದಷ್ಟೇ ತಿಳಿದು ಮಗುವನ್ನು ನಿಗಾದಲ್ಲಿಟ್ಟರೆ ಸ್ನಾಯು ರಕ್ತವಿಲ್ಲದೆ ಸಾಯುತ್ತದೆ. 24ರಿಂದ 48 ಗಂಟೆಯೊಳಗೆ ಬಿಡಿಸಬೇಕಾದ ಈ ಸ್ಥಿತಿಯನ್ನು ಗುರುತಿಸಲು ಬೇಕಾದದ್ದು ಕಣ್ಣಿನ ಚಲನೆಯನ್ನು ನೋಡುವ ಅಭ್ಯಾಸ.

ಚೇತರಿಕೆ

ಶಸ್ತ್ರಚಿಕಿತ್ಸೆಯ ಬಳಿಕ ಎರಡು ವಾರ ಮೂಗು ಸೀಟಬಾರದು, ಏಕೆಂದರೆ ಕುಹರದ ಗಾಳಿ ಮುರಿದ ಗೋಡೆಯ ಮೂಲಕ ಕಣ್ಗೂಡಿಗೆ ನುಗ್ಗಬಹುದು. ಹಲ್ಲುಗಳನ್ನು ಕಟ್ಟಿದವರಿಗೆ ದ್ರವಾಹಾರವೇ ಗತಿ. ತೆಳುಗಂಜಿ, ರಾಗಿ ಅಂಬಲಿ, ಬೇಳೆಕಟ್ಟು, ಸೋಸಿದ ಮೀನಿನ ಸಾರು, ಹಾಲು, ಎಳನೀರು ಇವುಗಳಿಂದ ಕರಾವಳಿಯ ಅಡುಗೆಮನೆಯಲ್ಲಿ ಸಾಕಷ್ಟು ಪೋಷಣೆ ಒದಗಿಸಬಹುದು, ಆದರೆ ದಿನಕ್ಕೆ ಐದಾರು ಸಲ ಕೊಡಬೇಕು. ವಾಂತಿಯಾದರೆ ಕಟ್ಟನ್ನು ಬಿಡಿಸಲು ತಂತಿ ಕತ್ತರಿಸುವ ಇಕ್ಕಳ ಹಾಸಿಗೆಯ ಪಕ್ಕದಲ್ಲಿಯೇ ಇರಬೇಕೆಂದು ಮನೆಯವರಿಗೆ ತೋರಿಸಿಕೊಡಬೇಕು. ಪ್ರತಿ ಊಟದ ಬಳಿಕ ಉಪ್ಪುನೀರಿನಿಂದ ಬಾಯಿ ತೊಳೆಯುವುದು, ತಂಬಾಕು ಮತ್ತು ಕವಳವನ್ನು ಬಿಡುವುದು ಗಾಯ ಕೊಳೆಯದಂತೆ ಕಾಯುತ್ತವೆ. ಕೆನ್ನೆಯ ಮರಗಟ್ಟುವಿಕೆ ತಿಂಗಳುಗಟ್ಟಲೆ ಉಳಿಯಬಹುದೆಂದೂ, ಎರಡಾಗಿ ಕಾಣುವ ನೋಟ, ಒಳಸರಿದ ಕಣ್ಣು, ಸುಮ್ಮನೆ ಸುರಿಯುವ ಕಣ್ಣೀರು ಕಂಡರೆ ಮತ್ತೆ ತೋರಿಸಬೇಕೆಂದೂ ತಿಳಿಸದಿದ್ದರೆ ದೂರದ ಊರಿನ ರೋಗಿ ಬರುವುದನ್ನೇ ಬಿಟ್ಟುಬಿಡುತ್ತಾನೆ. ಬದಲಾದ ಮುಖವನ್ನು ಒಪ್ಪಿಕೊಳ್ಳಲಾಗದ ಸಂಕಟಕ್ಕೆ, ಮುಖ್ಯವಾಗಿ ಯುವಕ ಯುವತಿಯರಲ್ಲಿ, ಮನೋವೈದ್ಯಕೀಯ ನೆರವೂ ಚಿಕಿತ್ಸೆಯ ಭಾಗವೇ.

ವ್ಯವಸ್ಥೆ ಮತ್ತು ತಡೆ

ಕಾನೂನು ಮತ್ತು ಯೋಜನೆಗಳ ಬಲ ಇಂದು ಮೊದಲಿಗಿಂತ ಹೆಚ್ಚಿದೆ. 2008ರಲ್ಲಿ ಆರಂಭವಾದ 108 ಆಂಬ್ಯುಲೆನ್ಸ್ ಸೇವೆ, ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ ರಾಜ್ಯವು 2016ರಲ್ಲಿ ತಂದ ಹರೀಶ್ ಸಾಂತ್ವನ ಯೋಜನೆ, ನೆರವಿಗೆ ಬಂದವರನ್ನು ಪೊಲೀಸು ಕೋರ್ಟುಗಳ ಕಿರುಕುಳದಿಂದ ಕಾಯಲು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು, ಇವೆಲ್ಲ ಮೊದಲ ಗಂಟೆಗಳಿಗೆ ಸಂಬಂಧಿಸಿದವು. ಕೇಂದ್ರದ 2025ರ ಯೋಜನೆಯು ರಸ್ತೆ ಅಪಘಾತದ ಗಾಯಾಳುವಿಗೆ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುತ್ತದೆ, ಆದರೆ ಅಪಘಾತದ ದಿನದಿಂದ 7 ದಿನಗಳ ಮಿತಿಯಲ್ಲಿ. ಊತ ಇಳಿಯಲು ಕಾದು ಎಂಟನೆಯ ಅಥವಾ ಹತ್ತನೆಯ ದಿನ ನಡೆಯುವ ಮುಖದ ಶಸ್ತ್ರಚಿಕಿತ್ಸೆ ಈ ಮಿತಿಯ ಹೊರಗೆ ಬೀಳುತ್ತದೆ. ಆದ್ದರಿಂದ ಮೊದಲ ದಿನವೇ ಶಸ್ತ್ರವೈದ್ಯರನ್ನು ಸಂಪರ್ಕಿಸಿ ದಿನ ನಿಗದಿಪಡಿಸುವುದು, ಇಲ್ಲವೇ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ದಾಖಲೆ ಸಿದ್ಧಪಡಿಸುವುದು ಬಡ ಕುಟುಂಬಕ್ಕೆ ಸಾಲದ ಹೊರೆಯನ್ನು ತಪ್ಪಿಸಬಲ್ಲದು.

ತಡೆಯ ಮಾತು ಸ್ಪಷ್ಟವಾದುದು. ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ಹೆಲ್ಮೆಟನ್ನು ಕಡ್ಡಾಯಗೊಳಿಸಿದೆ. ನೆತ್ತಿಯನ್ನಷ್ಟೇ ಮುಚ್ಚುವ ಟೋಪಿಯಂಥದು ಕೆಲವೊಮ್ಮೆ ದಂಡವನ್ನು ತಪ್ಪಿಸಿದರೂ ಕೆನ್ನೆ ದವಡೆಗಳನ್ನು ಉಳಿಸುವುದಿಲ್ಲ. ಗಲ್ಲದವರೆಗೆ ಮುಚ್ಚುವ, ಐಎಸ್‌ಐ ಗುರುತಿರುವ, ಪಟ್ಟಿ ಬಿಗಿದ ಹೆಲ್ಮೆಟ್ ಮಾತ್ರ ಮುಖದ ನಡುಭಾಗಕ್ಕೆ ರಕ್ಷಣೆ. ಸೆಖೆಯ ಕರಾವಳಿಯಲ್ಲಿ ಅದು ಕಷ್ಟವೆನಿಸಿದರೂ ಹಿಂಬದಿ ಕೂರುವ ಹೆಂಗಸರಿಗೂ ಮಕ್ಕಳಿಗೂ ಅದನ್ನೇ ರೂಢಿಸಬೇಕಾಗಿದೆ.

ದೊಡ್ಡ ಆಸ್ಪತ್ರೆಯ ಬೇಡಿಕೆ ನ್ಯಾಯವಾದುದು, ಅದು ಈಡೇರಲೇಬೇಕು. ಅಲ್ಲಿಯವರೆಗೂ, ಅದು ಬಂದ ಮೇಲೂ, ಭಟ್ಕಳ, ಹೊನ್ನಾವರ, ಕುಮಟಾಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಇರಬೇಕಾದ ಕನಿಷ್ಠ ಸಿದ್ಧತೆ ದುಬಾರಿಯಲ್ಲ: ಕಷ್ಟದ ಉಸಿರುದಾರಿಯನ್ನು ತೆರೆಯಬಲ್ಲ ಒಬ್ಬ ವೈದ್ಯ ಹಗಲೂ ರಾತ್ರಿಯೂ, ಮೂಗಿಗೆ ಬತ್ತಿ ತುಂಬುವ ಮತ್ತು ಕಣ್ಣಿನ ಒತ್ತಡ ಇಳಿಸುವ ಉಪಕರಣ, ದಂತವೈದ್ಯರನ್ನು ತುರ್ತು ತಂಡದಲ್ಲಿ ಸೇರಿಸುವ ವ್ಯವಸ್ಥೆ, ಮತ್ತು ಉಸಿರು, ರಕ್ತಸ್ರಾವ, ಪ್ರಜ್ಞೆ, ಪ್ರತಿ ಕಣ್ಣಿನ ನೋಟ, ನಡುತಡಿಕೆ, ಹಲ್ಲಿನ ಕೂಡುವಿಕೆ ಈ ಆರನ್ನೂ ಹೊತ್ತಿನೊಡನೆ ನಮೂದಿಸಿದ ಒಂದು ವರ್ಗಾವಣೆ ಚೀಟಿ. ಈ ಆರು ಸಾಲುಗಳು ತುಂಬಿದ್ದರೆ ಮಣಿಪಾಲದಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಶಸ್ತ್ರವೈದ್ಯರು ಮೂಳೆಯನ್ನು ನಿಧಾನವಾಗಿ, ಸರಿಯಾಗಿ ಕೂಡಿಸಬಲ್ಲರು. ಅವು ಖಾಲಿಯಿದ್ದರೆ ಎಂಥ ನುರಿತ ಕೈಗೂ ಕಳೆದುಹೋದ ಕಣ್ಣನ್ನು ಮರಳಿಸಲು ಆಗದು.